ಹಾರೆ

ಟೇಕಲ್ಲಿನ ಕ್ವಾರಿಯ ಮೇಲಂಚಿನಿಂದ ಕೆಳಗಿನ ನೀರಿಗೆ
ಎಂಬತ್ತು ಅಡಿ.
ದಾರ ಬಿಟ್ಟು ಅಳೆದವಳು ನಾನೇ, ಹೋದ ಯುಗಾದಿ ರಜೆಯಲ್ಲಿ,
ತುದಿಗೆ ತಾತನ ಪೆಟ್ಟಿಗೆಯ ಬೀಗದ ಕೈ ಕಟ್ಟಿ.

ಗಂಗುಲಪ್ಪ ತಾತ ಜಾರಿದ್ದು ಅಲ್ಲಿಂದ,
ಚೌಡಪ್ಪ ಮದ್ದಿಗೆ ಸಿಕ್ಕಿ ಹೋದನಲ್ಲ, ಆ ವರ್ಷ.
ಮಾಲೀಕರ ಪುಸ್ತಕದಲ್ಲಿ ಒಂದೇ ಸಾಲು: ಕಾಲು ಜಾರಿ ಬಿದ್ದದ್ದು.
ಆಸ್ಪತ್ರೆಯಿಂದ ಬಂದಾಗ ಒಂದಂಗುಲ ಗಿಡ್ಡ,
ಬೆನ್ನಿನ ಎರಡು ಮಣಿ ಅಪ್ಪಚ್ಚಿ.
ಹಳೇ ಅಂಗಿಯ ತೋಳು ಸರಿಹೋಗುತ್ತಿತ್ತು,
ಅಂಚು ಮಾತ್ರ ತೊಡೆಗಿಳಿದಿತ್ತು.

ಅಷ್ಟು ಮೇಲಿಂದ ಬಿದ್ದರೆ ನೀರೂ ಕಲ್ಲೇ, ಅನ್ನುತ್ತದೆ ಊರು.
ತಾತ ಒಪ್ಪುವುದಿಲ್ಲ, ನಲವತ್ತು ವರ್ಷ ಕಲ್ಲು ಸೀಳಿದವನು.
"ಕಲ್ಲೂ ಸರೀತದೆ ಕಣಮ್ಮ. ಸಾಲಾಗಿ ಉಳಿ ಇಟ್ಟು,
ಒಂದೊಂದೇಟು ಹಾಕಿ, ಬೀಡಿ ಹಚ್ಕೊಂಡು ಕಾಯ್ಬೇಕು.
ನೀರೂ ಅಷ್ಟೇ. ಸರಿಯೋಕೆ ಪುರಸೊತ್ತು ಕೊಡ್ಬೇಕು."

ಪುರಸೊತ್ತು.
ನನ್ನ ಬಿ.ಎಸ್ಸಿ. ಪುಸ್ತಕದಲ್ಲಿ ಈ ಮಾತಿಗೆ ಮೂರು ಪುಟ.

ಅವನ ಮಂಚದ ಪಕ್ಕ, ಕಡಲೆಕಾಯಿ ಸಿಪ್ಪೆಯ ನಡುವೆ ಕೂತು ಲೆಕ್ಕ ಹಾಕಿದೆ.
ಬೀಳುವ ಹೊತ್ತು, ಎರಡೂಕಾಲು ಸೆಕೆಂಡಿಗೆ ಚೂರು ಕಡಿಮೆ.
ಮುಟ್ಟುವಾಗ ಗಂಟೆಗೆ ಎಂಬತ್ತು ಕಿಲೋಮೀಟರು,
ಮಾಲೂರಿನ ಬಸ್ಸು ಇಳಿಜಾರಿನಲ್ಲೂ ಕಾಣದ ವೇಗ.
ಹೊಟ್ಟೆ ಅಡ್ಡಲಾಗಿ ಬಿದ್ದರೆ ಒಂದಡಿಯೊಳಗೆ ನಿಲ್ಲಬೇಕು:
ಮೈಯ ಎಂಬತ್ತು ಪಟ್ಟು ಭಾರ, ಪಕ್ಕೆಲುಬಿನ ಮೇಲೆ.
ಪಾದ ಮೊದಲು, ಬೆರಳು ಚೂಪು, ಮೊಣಕಾಲು ಜೋಡಿ,
ಕೈ ಎದೆಗೆ, ಕುಂಡಿ ಬಿಗಿ, ಉಸಿರು ಒಳಗೆ ಅಂದರೆ
ನೀರು ಹದಿಮೂರು ಅಡಿ ದಾರಿ ಬಿಡುತ್ತದೆ,
ಭಾರ ಆರು ಪಟ್ಟಿಗೆ ಇಳಿಯುತ್ತದೆ.
ಸರಾಸರಿ ಅದು. ಮೊದಲ ಚಣ ಇನ್ನೂ ಹೆಚ್ಚು.
ಆ ಎರಡು ಮಣಿ ಆ ಚಣದ ಬಾಬತ್ತು.
ಒಳಗೆ ಕೈಕಾಲು ಬಿಡಿಸಿದರೆ ಇಳಿಯುವುದು ನಿಲ್ಲುತ್ತದೆ.
ಆಮೇಲೆ ಮೇಲು ಯಾವುದು ಕೆಳಗು ಯಾವುದು ತಿಳಿಯದು,
ಗುಳ್ಳೆ ಹೋದ ಕಡೆ ಹೋಗಬೇಕು.

"ಹಂಗೇ ಬಿದ್ದೆ ನಾನು!" ತಾತ ಹಿಗ್ಗಿದ. "ನೆಟ್ಟಗೆ, ಕಂಬದ ಹಂಗೆ.
ಹಾರೆ ಮೊದಲು ಬಿತ್ತು. ಗಾಳೀಲಿದ್ದಂಗೇ ಕಾಣ್ತು,
ನೀರು ಬೆಳ್ಳಗೆ ಬಾಯಿ ತೆರೀತು, ಆ ಬಾಯಿಗೇ ನಾನು."

ಪೆನ್ನು ನಿಂತಿತು.

ಹಾರೆಯಾದರೇನು ಹರೆಯದ ಗಂಡಾದರೇನು,
ಒಂದೇ ಗಳಿಗೆಗೆ ಕೈಬಿಟ್ಟರೆ ಜೊತೆಗೇ ಬೀಳಬೇಕು.
ಭಾರ ನೋಡಿ ಭೂಮಿ ಮುಲಾಜು ಮಾಡುವುದಿಲ್ಲ.
ಎಂಬತ್ತು ಅಡಿಯಲ್ಲಿ ಗಾಳಿಯ ತಡೆ ಎಷ್ಟರದ್ದು.
ಅದು ನೀರಿಗೆ ಬಿದ್ದದ್ದನ್ನು ಇವನು ಮೇಲಿದ್ದು ನೋಡಿದ್ದರೆ
ಅರ್ಧ ಸೆಕೆಂಡಾದರೂ ಮುಂಚೆ ಬಿಟ್ಟಿರಬೇಕು,
ಕ್ವಾರಿ ಹುಡುಗರು ಹಾರುವ ಮುಂಚೆ ಕಲ್ಲೆಸೆಯುತ್ತಾರಲ್ಲ
ನೀರು ಒಡೆಯಲೆಂದು, ಹಾಗೆ.
(ಒಡೆಯುವುದಿಲ್ಲ. ಅದು ಬರೀ ಧೈರ್ಯಕ್ಕೆ.)
ಜಾರಿದವನು ಪಲ್ಟಿ ಹೊಡೆಯುತ್ತಾನೆ, ಬಂಡೆ ಕೆರೆಯುತ್ತಾನೆ,
ಕಂಬದ ಹಾಗೆ ಹೋಗುವುದಿಲ್ಲ.

"ತಾತ, ನೀನು ಜಾರಲಿಲ್ಲ."

ಒಂದು ಕಡಲೆಕಾಯಿ ಒತ್ತಿ ಒಡೆದ. ತಿನ್ನಲಿಲ್ಲ.
ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರು ಹೋಗಿ, ಸದ್ದೂ ಹೋಯಿತು.
"ಬತ್ತಿ ಗಿಡ್ಡ ಇತ್ತು," ಎಂದ.
"ಚೌಡಪ್ಪಂಗೆ ಈಜು ಬರ್ತಿರ್ಲಿಲ್ಲ."

ಆಮೇಲೆ, ನನ್ನ ಮುಖ ಬಿಟ್ಟು ನೋಟ್‌ಬುಕ್ಕನ್ನೇ ನೋಡುತ್ತ:
"ಅದ್ರಲ್ಲಿ ನೋಡು. ಈಜು ಬರದೋನು, ಮೈ ಬಿಗಿ ಹಿಡೀದೆ,
ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ಹೆಂಗೆ ಬೀಳ್ತಾನೋ ಹಂಗೆ ಬಿದ್ದು,
ಪಕ್ಕದಲ್ಲಿ ನಾನಿದ್ದಿದ್ರೆ?"

ಹೊಸ ಪುಟ ತೆಗೆದೆ.
ಆಗ ಅಲ್ಲಿ ನೀರು ಎಷ್ಟು ಆಳ ಇತ್ತು, ಎಂದೆ.